ಮಜ್ಜಿಗೆಗೆ ಬಿದ್ದ ಆಶೀರ್ವಾದ

ಬಲಗೈ ಮೇಲೇಳದ ಮನುಷ್ಯನಿಗೆ ಆಶೀರ್ವದಿಸುವ ಅರ್ಹತೆ ಇದೆಯೇ?

ಈ ಪ್ರಶ್ನೆಯನ್ನು ಎತ್ತಿದವನು ನಾನಲ್ಲ. ವಿಜಯವಾಡದ ನನ್ನ ಬೀಗರು, ಅಂದರೆ ಸೊಸೆಯ ತಂದೆ, ತುಂಬಿದ ಸಭೆಯಲ್ಲಿ ಎತ್ತಿದರು. ಅಂದು ಸೊಸೆಯ ಸೀಮಂತ. ನನ್ನ ಭುಜ ಹಿಡಿದುಕೊಂಡಿತ್ತು. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡೇ ಅಕ್ಷತೆ ಎಸೆದೆ. ಅದು ಸೊಸೆಯ ತಲೆಯವರೆಗೆ ಹೋಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಬೀಗರ ಮಜ್ಜಿಗೆ ಲೋಟಕ್ಕೆ ಬಿತ್ತು.

"ಬಾವಗಾರಿ ಆಶೀರ್ವಾದಂ ಮಜ್ಜಿಗಲೋ ಪಡಿಂದಂಡಿ!" ಎಂದು ತೆಲುಗಿನಲ್ಲಿ ಸಾರಿ, ಬಾವನವರ, ಅಂದರೆ ನನ್ನ, ಆಶೀರ್ವಾದ ಬಿದ್ದ ಲೋಟವನ್ನು ಎತ್ತಿ ಎಲ್ಲರಿಗೂ ತೋರಿಸಿದರು.

(ಸ್ಟೀಲ್ ಲೋಟ. ಅಂಚಿನಲ್ಲಿ ಅವರ ಹೆಸರು ಕೆತ್ತಿತ್ತು. ನಾನು ಏನನ್ನೂ ಮರೆಯುವವನಲ್ಲವೆಂದು ನನ್ನ ಓದುಗರಿಗೆ ಗೊತ್ತು.) ಸಭೆ ನಕ್ಕಿತು. ಮಗ ನಕ್ಕ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ನನ್ನ ಹೆಂಡತಿ.

ಈಗ ಮೊಮ್ಮಗಳು ಹುಟ್ಟಿದ್ದಾಳೆ. ನಾಮಕರಣವೂ ವಿಜಯವಾಡದಲ್ಲೇ ಎಂದಾಯಿತು. ಅದೇ ಹಾಲ್, ಅದೇ ಸಭೆ, ಸಂದೇಹವೇ ಬೇಡ, ಅದೇ ಲೋಟ. ಅಷ್ಟರೊಳಗೆ ನನ್ನ ಕೈ ಮೇಲೇಳಲೇಬೇಕಿತ್ತು.

ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ನಾನು ನೆಲೆನಿಂತಿರುವ ಗಾಜುವಾಕದಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ. ಅಲ್ಲಿನ ಫಿಸಿಯೋ ತರುಣಿಯ ತಾಯಿ ಹೊಸಪೇಟೆಯವರಂತೆ. ಮಗಳ ಕನ್ನಡದ ಬಾಲಕ್ಕೆ ತೆಲುಗಿನ ಮರ್ಯಾದೆಯ ಒಂದು 'ಅಂಡಿ' ತಪ್ಪದು.

"ಅಂಕಲ್‌ಗಾರೂ, ಭುಜದ ಹಿಂದೆ ದೊಡ್ಡ ಗಂಟಿದೆ ಅಂಡಿ. ಡ್ರೈ ನೀಡ್ಲಿಂಗ್ ಮಾಡೋಣ. ಸೂಜಿಯಲ್ಲಿ ಔಷಧಿ ಏನೂ ಇರಲ್ಲ."

"ಔಷಧಿಯೇ ಇಲ್ಲದಿದ್ದರೆ ಚುಚ್ಚುವುದೇಕಮ್ಮ?"

"ಬಿಗಿದ ಮಸಲ್ ಒಂದ್ಸಲ ಅದುರಿ ಸಡಿಲ ಆಗುತ್ತಂಡಿ."

ಔಷಧಿಯಿಲ್ಲದೆ ಚುಚ್ಚುವ ವಿದ್ಯೆ ನನಗೆ ಹೊಸದೇನಲ್ಲ. ಬೀಗರಿಂದ ಸಾಕಷ್ಟು ಅನುಭವಿಸಿದ್ದೇನೆ. ಬೋರಲು ಮಲಗಿದೆ. ಕೂದಲಿನಷ್ಟು ತೆಳುವಾದ ಸೂಜಿ ಇಳಿಯಿತು. ಭುಜ ಬುಟ್ಟಿಯೊಳಗಿನ ಮೀನಿನಂತೆ ಒಮ್ಮೆ ಜಿಗಿಯಿತು.

"ಸೂಪರ್ ಅಂಡಿ! ನೋವು ಯಾವಾಗಿಂದ ಇದೆ?"

ಯಾವುದನ್ನಾದರೂ ಅರ್ಧಕ್ಕೆ ಹೇಳುವುದು ನನ್ನ ಸ್ವಭಾವವಲ್ಲ. ಮದುವೆಯಲ್ಲಿ ಬೀಗರು ನನ್ನನ್ನು ಫ್ಯಾನಿಲ್ಲದ ಕೋಣೆಯಲ್ಲಿ ಇಳಿಸಿದಲ್ಲಿಂದ ಆರಂಭಿಸಿ, ಕ್ರಮವಾಗಿ ಲೋಟದವರೆಗೆ ಬಂದೆ.

ಆಕೆ ಸೂಜಿ ಎಳೆದಳು. ಬರಲಿಲ್ಲ.

"ಟೈಟ್ ಮಾಡಬೇಡಿ ಅಂಕಲ್‌ಗಾರೂ, ಮಸಲ್ ಸೂಜಿನ ಹಿಡ್ಕೊಂಡ್ಬಿಟ್ಟಿದೆ."

"ನಾನೇನೂ ಮಾಡುತ್ತಿಲ್ಲಮ್ಮ. ಭುಜ ಮಾಡುತ್ತಿದೆ."

ಮೂಲೆಯ ಕುರ್ಚಿಯಿಂದ ಹೆಂಡತಿ ಹೇಳಿದಳು: "ಇವರು ಬೀಗರ ಸುದ್ದಿ ತೆಗೆದರೆ ಮನೇಲೂ ಹೀಗೇ ಸೆಟೆದುಕೊಳ್ತಾರೆ ಕಣಮ್ಮ."

"ಹಾಗಾದ್ರೆ ಅವರ ಬಗ್ಗೆ ಏನಾದ್ರೂ ಒಳ್ಳೇದು ಹೇಳಿ ಅಂಡಿ."

ಯೋಚಿಸಿದೆ. ಹೊರಗೆ ಬಸ್ಸೊಂದು ಬಂದು ಹೋಯಿತು. ಮತ್ತೊಂದು ಬಂದು ಹೋಯಿತು.

"ಅವರ ಮನೆಯ ಆವಕಾಯಿ ಉಪ್ಪಿನಕಾಯಿ," ಎಂದೆ ಕೊನೆಗೆ, "ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಬರ್ತಿಲ್ಲಂಡಿ."

"ಚೆನ್ನಾಗಿದೆ!"

ಸೂಜಿ ಬಂತು.

ಆಮೇಲಿನ ಭೇಟಿಗಳಲ್ಲಿ ಬೀಗರ ಗೋಂಗುರ ಚಟ್ನಿಯನ್ನೂ, ಅವರ ಕೈಬರಹವನ್ನೂ, ಒಮ್ಮೆ (ಸೂಜಿ ಆಳಕ್ಕಿಳಿದಿತ್ತು) ಅವರ ಹಾಡುಗಾರಿಕೆಯನ್ನೂ ಹೊಗಳಬೇಕಾಯಿತು. ಒಬ್ಬ ಹಿರಿಯನಿಂದ ಇಷ್ಟನ್ನೆಲ್ಲ ಹೇಳಿಸುವುದು ಯಾವ ಸೀಮೆಯ ಚಿಕಿತ್ಸೆ?

ನಾಮಕರಣದ ದಿನ ನನ್ನ ಕೈ ತಲೆಯ ಮೇಲಕ್ಕೆ ಹೋಯಿತು. ಅಕ್ಷತೆ ಕಮಾನಿನಂತೆ ಹಾರಿ ನೇರವಾಗಿ ಮೊಮ್ಮಗಳ ತೊಟ್ಟಿಲಿಗೆ ಬಿತ್ತು. ಬೀಗರತ್ತ ತಿರುಗಿ ನೋಡಿದೆ. ಲೋಟವನ್ನು ಎಡಗೈಯಲ್ಲಿ ಹಿಡಿದು ಸುಮ್ಮನೆ ಕುಳಿತಿದ್ದರು. ಎಡಗೈಯಲ್ಲಿ?

ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಬಾವಗಾರೂ, ನಾ ಚೆಯ್ಯಿ ಕೂಡಾ ಲೇವಡಂ ಲೇದಂಡಿ." ಅವರ ಬಲಗೈಯೂ ಮೇಲೇಳುತ್ತಿಲ್ಲವಂತೆ. ನನ್ನ ಡಾಕ್ಟರ್ ಯಾರೆಂದು ಕೇಳಿದರು.

ವಿಳಾಸ ಕೊಟ್ಟೆ. ನಮ್ಮ ಮನೆಯಲ್ಲೇ ಉಳಿದುಕೊಳ್ಳಿ ಎಂದು ಒತ್ತಾಯಿಸಿದೆ. (ಫ್ಯಾನಿಲ್ಲದ ಕೋಣೆ ನಮ್ಮಲ್ಲೂ ಒಂದಿದೆ.) ಕ್ಲಿನಿಕ್ಕಿಗೆ ಖುದ್ದಾಗಿ ಕರೆದೊಯ್ಯುವುದಾಗಿಯೂ ಮಾತು ಕೊಟ್ಟೆ.

ನನ್ನ ಬಗ್ಗೆ ಒಂದು ಒಳ್ಳೆಯ ಮಾತಾಡದೆ ಅವರ ಸೂಜಿ ಹೇಗೆ ಹೊರಬರುತ್ತದೆಂದು ಆ ಮೂಲೆಯ ಕುರ್ಚಿಯಲ್ಲಿ ಕುಳಿತು ನಾನೂ ನೋಡಬೇಡವೇ?