ಬೈರಾಸಿನಲ್ಲಿ ಸುತ್ತಿದ ಸಿಪಿಯು

ಮೊನ್ನೆ ಶೋಕೇಸ್ ಒರೆಸುವಾಗ ಹಳೆಯ ವಿಡಿಯೋ ಕ್ಯಾಮೆರಾ ಕೈಗೆ ಬಂತು. ಅದರ ಹಿಡಿಯ ರಬ್ಬರ್ ಕರಗಿ ಅಂಗೈಗೆ ಅಂಟಿಕೊಂಡಿತು. ಸೋಪು ಹಾಕಿ ತಿಕ್ಕಿದರೂ ಸುಟ್ಟ ರಬ್ಬರಿನಂಥ ವಾಸನೆ ಹೋಗಲಿಲ್ಲ. ಆ ವಾಸನೆಯ ಹಿಂದೆಯೇ ನೆನಪಾದವರು ಆಚೆಮನೆಯ ಟೀಚರ್. ಅವರು ಹೋಗಿ ವರ್ಷಗಳಾದವು, ಆದರೆ ಅವರ ಮೇಲಿನ ನನ್ನ ಹೊಟ್ಟೆಕಿಚ್ಚು ಹೋಗಿಲ್ಲ.

ಆಗ ಇನ್ನಂಜೆಯ ನಮ್ಮ ತಾಯಿಮನೆಯಲ್ಲಿ ಅಮ್ಮ ಮತ್ತು ನಾನು ಇದ್ದೆವು. ಟೀಚರ್ ಕಾರ್ಕಳದ ಹತ್ತಿರದ ಕುಕ್ಕುಂದೂರಿನವರು, ಮದುವೆಯಾಗಿ ನಮ್ಮ ಪಕ್ಕದ ಮನೆಗೆ ಬಂದವರು. ಅಮ್ಮನ ಗಂಟಲಲ್ಲಿ ಒಂದು ಗಡ್ಡೆ ಬೆಳೆದಿತ್ತು. ಆಪರೇಷನ್ ಮಾಡಿದರೆ ಜೀವಕ್ಕೆ ತೊಂದರೆ ಇಲ್ಲ, ಸ್ವರ ಮಾತ್ರ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಅಮ್ಮ ಹಾಡು ಎತ್ತಿಕೊಂಡರೆ ಸಾಲಿನಲ್ಲಿದ್ದವರೆಲ್ಲ ದನಿ ಸೇರಿಸುತ್ತಿದ್ದರು. ಆ ಸ್ವರವನ್ನು ಹಿಡಿದಿಡಬೇಕು, ಅದೂ ನಾನೇ ಹಿಡಿಯಬೇಕು ಎಂದು ನನಗೆ ಹಟ ಬಂತು. ದುಬೈಯಲ್ಲಿದ್ದ ತಮ್ಮನಿಗೆ ಫೋನ್ ಮಾಡಿ, ರಜೆಗೆ ಬರುವಾಗ ಒಂದು ಒಳ್ಳೆಯ ಕ್ಯಾಮೆರಾ ತಾ ಎಂದೆ.

ಅದೇ ಸಮಯಕ್ಕೆ ಟೀಚರಿಗೂ ಕ್ಯಾಮೆರಾ ಬೇಕಾಗಿತ್ತು, ಮಕ್ಕಳ ಶಾಲಾ ನಾಟಕ ತೆಗೆಯಲಿಕ್ಕೆ. ಒಂದು ಶನಿವಾರ ಮಧ್ಯಾಹ್ನ ಅವರು ಮನೆಯ ಕಂಪ್ಯೂಟರಿನ ಸಿಪಿಯುವನ್ನು ಮೈ ಒರೆಸುವ ದೊಡ್ಡ ಬೈರಾಸಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಮಣಿಪಾಲದ ಕ್ಯಾಮೆರಾ ಅಂಗಡಿಗೆಂದು ರಿಕ್ಷಾ ಹತ್ತಿದರು. ಜೊತೆಗೆ ನನ್ನನ್ನೂ ಕರೆದರು. ದೊಡ್ಡಾಸ್ಪತ್ರೆಯ ಊರಾದ ಮಣಿಪಾಲಕ್ಕೆ ನಮ್ಮವರು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗುವುದೆಂದರೆ ಕಾಯಿಲೆಯ ಮಗುವನ್ನೇ. "ಯಾವ ಡಾಕ್ಟರು ಟೀಚರ್?" ಎಂದು ರಿಕ್ಷಾದವರು ಪಾಪ ನಿಜವಾಗಿಯೇ ಕೇಳಿದರು.

ಅಂಗಡಿಯವರು ಬೈರಾಸು ಬಿಚ್ಚುವುದನ್ನು ನೋಡಿ ನಕ್ಕರು. "ಎಂತ ಟೀಚರ್, ಇಡೀ ಸಿಪಿಯು ತಂದದ್ದಾ? ಇಲ್ಲಿ ನಮ್ಮ ಕಂಪ್ಯೂಟರ್ ಉಂಟಲ್ಲ."

"ನಿಮ್ಮದಕ್ಕೆ ಹೊಂದಿದರೆ ನನಗೆಂತ ಉಪಯೋಗ?" ಎಂದರು ಟೀಚರ್. "ಸಂಸಾರ ಮಾಡುವುದು ಇದರ ಜೊತೆ ಅಲ್ವಾ? ಜಾತಕ ನೋಡಿಯೇ ಕೊಂಡುಹೋಗುವುದು."

ಒಂದೊಂದೇ ಕ್ಯಾಮೆರಾ ತೆಗೆಸಿ, ತಂತಿ ಚುಚ್ಚಿಸಿ, ಅದರೆದುರು ನನ್ನನ್ನು ಮಾತಾಡಿಸಿದರು. ಒಂದರ ತಂತಿ ಕೂರಲಿಲ್ಲ. ಇನ್ನೊಂದರಲ್ಲಿ ನನ್ನ ಮುಖ ಬಂತು, ಮಾತು ಬರಲಿಲ್ಲ. ಕೊನೆಗೆ ಒಂದರಲ್ಲಿ ಎರಡೂ ಬಂದವು. ನೋಡಲಿಕ್ಕೆ ಎಲ್ಲಕ್ಕಿಂತ ಸಪ್ಪೆ ಇದ್ದದ್ದೂ ಅದೇ. ನನಗೆ ಒಳಗೊಳಗೇ ಖುಷಿಯಾಯಿತು.

ವಾಪಸು ಬರುವಾಗ ಟೀಚರ್ ಕೇಳಿದರು, "ನಿಮ್ಮ ಕಂಪ್ಯೂಟರಿನ ಹಿಂದೆ ಯಾವ ಸಾಕೆಟ್ ಉಂಟು ಅಂತ ತಮ್ಮನಿಗೆ ಹೇಳಿದ್ದೀರಾ?"

"ದುಬೈಯಿಂದ ಬರುವುದಕ್ಕೆ ಅದೆಲ್ಲ ಎಂತಕ್ಕೆ ಟೀಚರ್?" ಎಂದೆ. ನಮ್ಮಲ್ಲಿ ಗಲ್ಫಿನಿಂದ ಬಂದ ವಸ್ತುವಿಗೆ ಪ್ರಶ್ನೆ ಕೇಳುವ ಕ್ರಮವೇ ಇರಲಿಲ್ಲ. ಸೆಂಟಿನ ಬಾಟಲಿಯಿಂದ ಹಿಡಿದು ಕಂಬಳಿಯವರೆಗೆ, ಬಂದದ್ದೆಲ್ಲ ಶೋಕೇಸಿಗೋ ಕಪಾಟಿಗೋ ಸೇರಿ ಗೌರವದಿಂದ ಕೂತಿರುತ್ತಿತ್ತು.

ತಮ್ಮ ಬಂದ. ಕ್ಯಾಮೆರಾ ಚೆಂದವೋ ಚೆಂದ, ಬೆಳ್ಳಿಯ ಬಣ್ಣದ್ದು. ಆಪರೇಷನ್ನಿಗೆ ಹೋಗುವ ಹಿಂದಿನ ಭಾನುವಾರ ಅಮ್ಮನಿಗೆ ಪಟ್ಟೆಸೀರೆ ಉಡಿಸಿ, ಫ್ಯಾನ್ ನಿಲ್ಲಿಸಿ, ಚಾವಡಿಯಲ್ಲಿ ಕೂರಿಸಿದೆ. ಪಾಸ್‌ಪೋರ್ಟಿನ ಫೋಟೋಕ್ಕೆ ಕೂತವಳ ಹಾಗೆ ಅವಳು ಕೂತಳು.

"ನೇಜಿಯ ಹಾಡು ಹೇಳಮ್ಮ."

"ಅದೆಲ್ಲ ಎಲ್ಲಿ ನೆನಪುಂಟು ಮಾರಾಯ್ತಿ..."

ಬೇಡಿಕೊಂಡ ಮೇಲೆ ಒಂದೆರಡು ಸಾಲು ಹೇಳಿ ನಿಲ್ಲಿಸಿದಳು. ಇದ್ದದ್ದನ್ನಾದರೂ ಕಂಪ್ಯೂಟರಿಗೆ ಹಾಕೋಣವೆಂದು ಹೋದರೆ, ಆ ತಂತಿಯ ತುದಿಗೆ ಸರಿಯಾದ ತೂತೇ ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ. ಟಾರ್ಚ್ ಹಿಡಿದು ಹಿಂದೆ ಮುಂದೆ ಎಲ್ಲ ಹುಡುಕಿದೆ. ತಮ್ಮ, "ಅಲ್ಲಿ ಎಲ್ಲರೂ ಇದನ್ನೇ ತೆಗೊಳ್ಳುವುದು ಅಕ್ಕ" ಎಂದು ತಲೆ ಕೆರೆದುಕೊಂಡ. ಅವನೇ ಹೋಗಿ ಟೀಚರನ್ನು ಕರೆದುಕೊಂಡು ಬಂದ. ಅವರು ತಂತಿ ನೋಡಿದರು, ನನ್ನ ಮುಖ ನೋಡಿದರು. "ನಾನು ಹೇಳಿದ್ದೆನಲ್ಲ" ಎನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. "ನನ್ನದನ್ನು ತರ್ತೇನೆ" ಎಂದಷ್ಟೇ ಹೇಳಿ ಹೋದರು.

ಸಂಜೆ ಅಮ್ಮ ಪಟ್ಟೆಸೀರೆ ಬಿಚ್ಚಿಟ್ಟು, ಹಿಂಬದಿಯ ಜಗಲಿಯಲ್ಲಿ ಬಸಳೆ ಹೆಚ್ಚುತ್ತಿದ್ದಳು. ಟೀಚರ್ ಕ್ಯಾಮೆರಾ ಹಿಡಿದು ಎದುರಿನ ಒಗೆಯುವ ಕಲ್ಲಿನ ಹತ್ತಿರ ನಿಂತು, ಹಾಡು ಹೇಳಿ ಎನ್ನಲೇ ಇಲ್ಲ. ತಾವೇ ನೇಜಿಯ ಹಾಡೊಂದನ್ನು ಗುನುಗಿದರು, ಅದೂ ತಪ್ಪು ತಪ್ಪಾಗಿ. ಅಮ್ಮನಿಗೆ ತಡೆಯಲಾಗಲಿಲ್ಲ. ಹಾಗಲ್ಲ ಎಂದು ತಿದ್ದಿದಳು. ಟೀಚರ್ ಮತ್ತೆ ತಪ್ಪಿದರು. ಆಮೇಲೆ ಅಮ್ಮ ಕತ್ತಿ ಬದಿಗಿಟ್ಟು ಹಾಡಿಗೆ ಹಾಡು ಪೋಣಿಸುತ್ತ ಹೋದಳು... ನಾನು ಹುಟ್ಟುವ ಮೊದಲಿನ ಹಾಡುಗಳೂ ಇದ್ದವು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಮ್ಮನಿಗೆ ನಾನು ಹಿತ್ತಲ ಗಿಡವಾಗಿದ್ದೆ.

ನಾನು ಅಡುಗೆಮನೆಯಲ್ಲಿ ಚಹಾ ಮಾಡುತ್ತ ಎಲ್ಲ ಕೇಳಿಸಿಕೊಂಡೆ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಹಾಡು ಉಳಿಯಿತು ಎಂಬ ಸಮಾಧಾನಕ್ಕಿಂತ, ಅದು ಅವರ ಕೈಯಲ್ಲಿ ಉಳಿಯಿತಲ್ಲ ಎಂಬ ಉರಿಯೇ ನನಗೆ ದೊಡ್ಡದಾಗಿತ್ತು.

ಆಪರೇಷನ್ನಾಯಿತು. ಅಮ್ಮ ಉಳಿದಳು. ಡಾಕ್ಟರು ಹೆದರಿದ ಹಾಗೆಯೇ ಸ್ವರ ಹೋಗಿ, ಕಿವಿ ಹತ್ತಿರ ತಂದರೆ ಮಾತ್ರ ಕೇಳುವ ಪಿಸುಮಾತು ಉಳಿಯಿತು. ಟೀಚರ್ ಸಿಡಿ ಮಾಡಿ ತಂದುಕೊಟ್ಟರು. ನಾನು ಅದನ್ನು ಬಹಳ ಕಾಲ ಹಾಕಿ ನೋಡಲಿಲ್ಲ. ಮುಂದೆ ಅಮ್ಮ ಹೋದಳು. ಕೆಲವು ವರ್ಷಗಳ ನಂತರ ಟೀಚರೂ ಹೋದರು, ತುಂಬ ನರಳದೆ. ಅವರ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ. ಹೊಟ್ಟೆಕಿಚ್ಚು ಪಡಲಿಕ್ಕೂ ಆಚೆಮನೆಯಲ್ಲಿ ಜನ ಇಲ್ಲ.

ಕ್ಯಾಮೆರಾವನ್ನು ಮತ್ತೆ ಶೋಕೇಸಿನಲ್ಲಿಟ್ಟೆ. ನಾನು ತೆಗೆದ ಆ ಎರಡು ಸಾಲು ಅದರೊಳಗಿನ ಟೇಪಿನಲ್ಲೇ ಇವೆ. ಟೀಚರ್ ತೆಗೆದದ್ದು ಸಿಡಿಯಿಂದ ಲ್ಯಾಪ್‌ಟಾಪಿಗೆ ಬಂದು ಸುಖವಾಗಿದೆ. ಕೈಗಂಟಿದ ವಾಸನೆಯ ಜೊತೆಗೇ ಕೂತು ಅದನ್ನು ಹಾಕಿದೆ. ಬಸಳೆ, ಕತ್ತಿ, ಅಮ್ಮ. ಒಂದು ಕಡೆ ಬದಿಯಿಂದ ಚಹಾದ ಲೋಟ ಹಿಡಿದ ನನ್ನ ಕೈ ಬಂದು ಹೋಗುತ್ತದೆ. ಅಮ್ಮ ಅದರ ಕಡೆ ತಿರುಗುವುದೂ ಇಲ್ಲ. ಅವಳ ಕಣ್ಣು ಕ್ಯಾಮೆರಾ ಹಿಡಿದವರ ಮೇಲೆ.

ಹಾಡು ಮುಗಿದ ಮೇಲೆ ಅವಳು ಜಗಲಿಯಲ್ಲಿ ಸ್ವಲ್ಪ ಸರಿದು, ಪಕ್ಕದ ನೆಲವನ್ನು ಸೆರಗಿನಿಂದ ಒರೆಸಿ, ನೇರ ಮುಂದೆ ನೋಡಿ ನಗುತ್ತಾಳೆ. "ಬಲ ಮಗಾ, ಕುಲ್ಲು" ಎನ್ನುತ್ತಾಳೆ ತುಳುವಿನಲ್ಲಿ. ಬಾ ಮಗಳೇ, ಕೂತುಕೋ ಎಂದು.

ಕ್ಯಾಮೆರಾ ಇದ್ದ ಜಾಗದಲ್ಲಿ ಈಗ ನಾನಿದ್ದೇನೆ. ಆ ಕಣ್ಣು ನನ್ನನ್ನೇ ನೋಡುತ್ತದೆ. ಕರೆದದ್ದು ನನ್ನನ್ನಲ್ಲ ಎಂದು ಗೊತ್ತು. ಆದರೂ ಎದ್ದು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದು ಕೂತೆ.