ಚುಕ್ಕಿ ಅಮ್ಮನಿಗೆ ಹೇಳಿದ ದಿನ

ಬೆಂಗಳೂರಿನಿಂದ ಹೊರಟು ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದಾಗ ಬೆಳಿಗ್ಗೆ ಒಂಬತ್ತೂವರೆ. ಶಿಡ್ಲಘಟ್ಟದ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು, ನನಗೋ ನಿಂತಲ್ಲಿ ನಿಲ್ಲಲಾಗದಷ್ಟು ಸಂಭ್ರಮ. ಒಂದು ವರ್ಷದಿಂದ ಸೈಬರ್ ಕೆಫೆಯ ಪರದೆಯ ಮೇಲೆ ಮಾತ್ರ ಗೊತ್ತಿದ್ದ ಚುಕ್ಕಿಯನ್ನು ಅಂದು ಕಣ್ಣಾರೆ ನೋಡುವವಳಿದ್ದೆ!

ಅನ್ನ ಕಂಡರೆ ಹೆದರುವವರ, ಉಂಡದ್ದನ್ನು ಕದ್ದು ಕಕ್ಕುವವರ ಇಂಟರ್‌ನೆಟ್ ಗುಂಪು ನಮ್ಮದು. ಯಾರೂ ನಿಜವಾದ ಹೆಸರು ಹೇಳುವುದಿಲ್ಲ, ತೂಕ ಬರೆಯುವುದಿಲ್ಲ. ಕಾಯಿಲೆಗೆ ನಾವಿಟ್ಟ ಹೆಸರು ‘ಅತ್ತೆ’. ‘ಇವತ್ತು ಅತ್ತೆ ತಟ್ಟೆ ಕಿತ್ತುಕೊಂಡಳು’ ಎಂದು ಒಬ್ಬಳು ಬರೆದರೆ, ‘ಅತ್ತೆಯ ಕಣ್ಣೆದುರೇ ಎರಡು ಇಡ್ಲಿ ತಿಂದೆ’ ಎಂದು ಇನ್ನೊಬ್ಬಳು. ಮದುವೆಯಾಗದ ಹುಡುಗಿಯರೆಲ್ಲ ಸೇರಿ ಎಷ್ಟು ಬೈದೆವೋ ಆ ಅತ್ತೆಯನ್ನು! ಅಲ್ಲಿ ಪುಟಗಟ್ಟಲೆ ಬರೆಯುವ ಚುಕ್ಕಿಗೆ ಮನೆಯಲ್ಲಿ ಮಾತ್ರ ಬಾಯಿ ಬರುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗಲು ಅಮ್ಮನಿಗೆ ಹೇಳಲೇಬೇಕು, ಆಗ ಜೊತೆಗಿರು ಬಾ ಎಂದು ನನ್ನನ್ನು ಕರೆದಿದ್ದಳು.

ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ, ಹತ್ತು ರೂಪಾಯಿ ಟಿಕೆಟ್ ಕೊಂಡು ಚುಕ್ಕಿಯ ಊರಾದ ದಿಬ್ಬೂರಹಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ತಣ್ಣನೆ ಗಾಳಿ. ಇಳಿಯುತ್ತಲೇ ಹಳದಿ ದುಪಟ್ಟಾದ ಹುಡುಗಿಯೊಬ್ಬಳು ಓಡಿ ಬಂದಳು. ತಬ್ಬಿಕೊಂಡು ಗೊಳ್ಳೆಂದು ನಕ್ಕೆವು.

ಮನೆಯಲ್ಲಿ ಅವಳ ಅಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು. ನನ್ನನ್ನು ಮಗಳ ಕಾಲೇಜಿನ ಗೆಳತಿ ಅಂದುಕೊಂಡು ಕೂರಿಸಿದರು. ಚುಕ್ಕಿ ನನ್ನ ಕೈ ಹಿಡಿದು ಒಂದೇ ಉಸಿರಿಗೆ ಹೇಳಿಬಿಟ್ಟಳು: “ಅಮ್ಮಾ, ಅತ್ತೆ ನನ್ನ ತಿನ್ನೋಕೆ ಬಿಡ್ತಿಲ್ಲ.”

ಅಮ್ಮ ಸೊಪ್ಪು ಕೆಳಗಿಟ್ಟರು. “ಯಾರು, ಚಿಂತಾಮಣಿ ಅತ್ತೇನಾ? ಅವಳು ಯಾವಾಗ್ ಬಂದಿದ್ಲು?” ಈಗಲೇ ಫೋನ್ ಮಾಡಿ ನಾದಿನಿಯ ಗ್ರಹಚಾರ ಬಿಡಿಸುತ್ತೇನೆಂದು ಎದ್ದೇ ಬಿಟ್ಟರು. ಅಯ್ಯೋ ದೇವರೇ, ನನಗೆ ನಗುವೂ ಬಂತು, ಭಯವೂ ಆಯಿತು. ಗುಂಪಿನ ಮಾತು ಮನೆಯಲ್ಲಿ ನಡೆಯದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಚುಕ್ಕಿ ಸೆರಗು ಹಿಡಿದು ನಿಲ್ಲಿಸಿದಳು. “ಅತ್ತೆ ಅಲ್ಲಮ್ಮ, ನಾನು. ತಿಂದಿದ್ದನ್ನೆಲ್ಲ ನಾನೇ ಹೋಗಿ ಕಕ್ತೀನಿ. ನಿಲ್ಸೋಕಾಗ್ತಿಲ್ಲ.”

ಗುಂಪಿನಲ್ಲಿ ಯಾವತ್ತೂ ಅತ್ತೆಯೇ ಮಾಡಿದ್ದು, ಅತ್ತೆಯೇ ಮಾಡಿಸಿದ್ದು. ಚುಕ್ಕಿ ತನ್ನದೆಂದು ಹೇಳಿಕೊಂಡದ್ದು ಅದೇ ಮೊದಲು. ಅಮ್ಮ ಅತ್ತರು, ಬೈದರು, ಮಗಳ ತಲೆಯನ್ನು ಎದೆಗೊತ್ತಿಕೊಂಡರು, ನಾಳೆಯೇ ಡಾಕ್ಟರ ಬಳಿ ಹೋಗೋಣವೆಂದರು. ನನಗಂತೂ ಎದ್ದು ಕುಣಿಯಬೇಕೆನ್ನಿಸಿತು.

ಮೂರು ಗಂಟೆಗೆ ಇಬ್ಬರೂ ನನ್ನನ್ನು ಬಸ್ಸು ಹತ್ತಿಸಲು ಬಂದರು. ಆಗ ಅಮ್ಮ ಮೆಲ್ಲಗೆ ಕೇಳಿದರು: “ನಿನಗೂ ಇದೇನಾ ತಾಯಿ? ನಿಮ್ಮಮ್ಮಂಗೆ ಗೊತ್ತಾ?”

ನನಗೂ ಇದೇ, ಅಮ್ಮನಿಗೆ ಗೊತ್ತಿಲ್ಲ ಎಂದೆ. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದರೆ ಅವರಿನ್ನೂ ಅಲ್ಲೇ ನಿಂತಿದ್ದರು. ಮನೆಗೆ ಫೋನ್ ಮಾಡಿದೆ.

“ಅಮ್ಮಾ, ಸಂಜೆ ಎಲ್ಲೂ ಹೋಗ್ಬೇಡ,” ಅಂದೆ. “ನಿನ್ ಜೊತೆ ನನ್ ವಿಷ್ಯ ಮಾತಾಡ್ಬೇಕು.”