ಎರಡನೆಯ ಸರ್ಕೀಟಿನ ಶಾಲೆ

ನಾನು ದೊಡ್ಡಬಳ್ಳಾಪುರದ ಶಾಲಾ ರೇಂಜ್ ಕಚೇರಿಯಲ್ಲಿ ನಕಲು ಗುಮಾಸ್ತನಾಗಿ ಸೇರಿದಾಗ ಯುದ್ಧ ಇನ್ನೂ ಮುಗಿದಿರಲಿಲ್ಲ. ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಕಾಗದಕ್ಕೆ ಕೊರತೆಯಿತ್ತು, ಬಂದ ಲಕೋಟೆಗಳನ್ನೇ ಬಿಚ್ಚಿ, ಒಳಮೈ ಹೊರಗೆ ಮಾಡಿ ಅಂಟಿಸಿ ಮತ್ತೆ ಕಳಿಸುತ್ತಿದ್ದೆವು. ರೇಂಜ್ ಎಂದರೆ ಒಬ್ಬ ಇನ್ಸ್‌ಪೆಕ್ಟರ ಕೈಕೆಳಗಿನ ಸರ್ಕಾರಿ ಶಾಲೆಗಳೆಲ್ಲ. ನಮ್ಮದು ದೊಡ್ಡಬಳ್ಳಾಪುರ, ದೇವನಹಳ್ಳಿ ಎರಡು ತಾಲ್ಲೂಕುಗಳ ದೊಡ್ಡ ರೇಂಜ್. ಇನ್ಸ್‌ಪೆಕ್ಟರು ಹೆಚ್ಚಿನ ದಿನ ಸರ್ಕೀಟಿನಲ್ಲಿ, ಅಂದರೆ ಶಾಲೆಗಳ ತಪಾಸಣೆಯ ಪ್ರವಾಸದಲ್ಲಿ ಇರುತ್ತಿದ್ದರು. ಕಚೇರಿ ನಡೆಸುತ್ತಿದ್ದವರು ಹೆಡ್ ಗುಮಾಸ್ತರು.

ರೇಂಜನ್ನು ಎರಡು ಮಾಡಿ ದೇವನಹಳ್ಳಿಯಲ್ಲಿ ಹೊಸ ಕಚೇರಿ ತೆರೆಯಬೇಕೆಂದು ಬೆಂಗಳೂರಿನಿಂದ ಹುಕುಂ ಬಂತು. ಹಳ್ಳಿಯ ಮೇಷ್ಟ್ರುಗಳಿಗೆ ಸಂತೋಷವಾಗಿರಬೇಕು. ಒಂದು ರಜೆಯ ಅರ್ಜಿಗಾಗಿ ಅಷ್ಟು ದೂರ ಬರುವುದು ಅವರಿಗೆ ತಪ್ಪುತ್ತಿತ್ತು. ಹೆಡ್ ಗುಮಾಸ್ತರಿಗೆ ಮಾತ್ರ ಅದು ತಮ್ಮ ಅರ್ಧ ಅಧಿಕಾರವನ್ನು ಕಿತ್ತುಕೊಂಡ ಹಾಗಾಯಿತು. ಕಿತ್ತುಕೊಂಡವನು ಯಾರೆಂದು ತಿಳಿದಾಗ ಅವರಿಗೆ ಇನ್ನೂ ಉರಿಯಿತು. ಹೊಸ ಕಚೇರಿಯ ಹೆಡ್ ಗುಮಾಸ್ತನಾಗಿ ನೇಮಕವಾದವರು ಅವರ ಎದುರು ಮೇಜಿನಲ್ಲೇ ಕೂರುತ್ತಿದ್ದ ಎರಡನೆಯ ಗುಮಾಸ್ತರು. ಇಬ್ಬರ ಮೇಜುಗಳ ನಡುವೆ ನಾಲ್ಕು ಅಡಿ ಜಾಗವಿತ್ತು. ಆದರೂ ಒಬ್ಬರು ಇನ್ನೊಬ್ಬರಿಗೆ ಹೇಳಬೇಕಾದದ್ದನ್ನು ಜವಾನನ ಮೂಲಕ ಹೇಳಿಸುತ್ತಿದ್ದರು. ನಾನು ಸೇರುವ ಮೊದಲಿನಿಂದ ಹಾಗೆಯೇ ನಡೆದಿತ್ತು. ಕಾರಣ ಏನೆಂದು ಕಚೇರಿಯಲ್ಲಿ ಮೂರು ಕಥೆಗಳಿದ್ದವು, ಒಂದಕ್ಕೂ ಆಧಾರ ಸಿಗಲಿಲ್ಲ.

ಹಂಚಿಕೆಯ ವಾರ ಮಾತ್ರ ಅವರು ನೇರವಾಗಿ ಮಾತಾಡಿದರು. ಭೂಪಟಗಳು, ಬೆಂಚುಗಳು, ಗಡಿಯಾರ ಎಲ್ಲ ಹೇಗೋ ಹಂಚಿಹೋದವು. ಕಚೇರಿಯಲ್ಲಿದ್ದ ಎರಡು ತೇಗದ ಬೀರುಗಳೂ ದೇವನಹಳ್ಳಿಗೆ ಎಂದು ಪಟ್ಟಿಯಲ್ಲಿತ್ತು.

"ಎರಡು ಬೀರೂ ನಿಮ್ಮಪ್ಪಂದೇನ್ರೀ?" ಎಂದರು ಹೆಡ್ ಗುಮಾಸ್ತರು.

"ಹುಕುಂ ಓದ್ಕೊಳ್ಳಿ ಸ್ವಾಮಿ. ನಮ್ಮಪ್ಪನ ಹೆಸರೂ ಇಲ್ಲ, ನಿಮ್ಮಪ್ಪನ ಹೆಸರೂ ಇಲ್ಲ."

"ತಗೊಂಡ್ಹೋಗಿ. ಒಳಗಿರೋ ಗೆದ್ದಲನ್ನ ಮಾತ್ರ ಇಲ್ಲಿ ಬಿಟ್ಟು ಹೋಗ್ಬೇಡಿ."

ಬೀರುಗಳು ಎತ್ತಿನ ಗಾಡಿ ಹತ್ತಿ ಹೋದವು. ನಮ್ಮ ಕಡತಗಳು ನೆಲದ ಮೇಲೆ ಗುಡ್ಡೆಯಾದವು. ಹೆಡ್ ಗುಮಾಸ್ತರು ಅವುಗಳನ್ನು ದಾಟಿ ತಮ್ಮ ಕುರ್ಚಿಗೆ ಹೋಗುವಾಗಲೆಲ್ಲ ಒಂದು ಬೈಗುಳ ಬೈಯುತ್ತಿದ್ದರು.

ಕೊನೆಗೆ ಶಾಲೆಗಳ ಪಟ್ಟಿ. ಮೊದಲನೆಯ ಸರ್ಕೀಟಿನ ಶಾಲೆಗಳು ಹಳೆಯ ರೇಂಜಿನಲ್ಲೇ ಇರತಕ್ಕದ್ದು, ಎರಡನೆಯ ಸರ್ಕೀಟಿನವು ಹೊಸದಕ್ಕೆ ಸೇರತಕ್ಕದ್ದು ಎಂದು ಹುಕುಮಿನಲ್ಲಿತ್ತು. ನಮ್ಮ ಕಚೇರಿಯಲ್ಲಿ ಶಾಲೆಗಳನ್ನು ತಾಲ್ಲೂಕಿನ ಲೆಕ್ಕದಲ್ಲಿ ಬರೆದಿಡುವ ಪದ್ಧತಿ ಇರಲಿಲ್ಲ. ಇನ್ಸ್‌ಪೆಕ್ಟರು ಯಾವ ಪ್ರವಾಸದಲ್ಲಿ ಯಾವ ಶಾಲೆ ನೋಡುತ್ತಾರೋ ಆ ಕ್ರಮದಲ್ಲಿ ಬರೆಯುತ್ತಿದ್ದರು. ತೂಬಗೆರೆಯ ಕಡೆಯದು ಮೊದಲನೆಯ ಸರ್ಕೀಟು, ದೇವನಹಳ್ಳಿ ಕಡೆಯದು ಎರಡನೆಯದು. ಹೆಚ್ಚು ಕಡಿಮೆ ತಾಲ್ಲೂಕಿನ ಗಡಿಗೇ ಅದು ಹೊಂದುತ್ತಿತ್ತು. ಹೊಂದದೇ ಇದ್ದದ್ದು ಒಂದೇ ಒಂದು ಶಾಲೆ. ಅದು ನಮ್ಮ ಕಚೇರಿಯ ಎದುರು ಓಣಿಯಲ್ಲಿ, ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿತ್ತು.

ಅದು ಉರ್ದು ಹೆಣ್ಣುಮಕ್ಕಳ ಶಾಲೆ. ಗೋಷಾ, ಅಂದರೆ ಪರದೆ ಪದ್ಧತಿ, ಪಾಲಿಸುವ ಮನೆಗಳ ಹುಡುಗಿಯರು ಓದುತ್ತಿದ್ದುದರಿಂದ ಗಂಡಸರಾದ ಇನ್ಸ್‌ಪೆಕ್ಟರು ಒಳಗೆ ಹೋಗುವಂತಿರಲಿಲ್ಲ. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಇನ್ಸ್‌ಪೆಕ್ಟ್ರೆಸ್ ಬರುತ್ತಿದ್ದರು. ಅವರು ರೈಲಿನಲ್ಲಿ ಮೊದಲು ದೇವನಹಳ್ಳಿಗೆ ಹೋಗಿ ಅಲ್ಲಿನ ಉರ್ದು ಶಾಲೆ ನೋಡಿ, ಬಸ್ಸಿನಲ್ಲಿ ಇಲ್ಲಿಗೆ ಬಂದು ಈ ಶಾಲೆ ನೋಡಿ, ಇಲ್ಲಿಂದ ಬೆಂಗಳೂರಿಗೆ ಮರಳುತ್ತಿದ್ದರು. ಹೀಗಾಗಿ ಎರಡು ಶಾಲೆಗಳನ್ನೂ ಯಾರೋ ಹಿಂದಿನವರು ಎರಡನೆಯ ಸರ್ಕೀಟಿನ ಕೊನೆಯಲ್ಲಿ ಒಟ್ಟಿಗೆ ಬರೆದಿಟ್ಟಿದ್ದರು. ರೇಂಜ್ ಒಂದೇ ಇದ್ದಷ್ಟು ದಿನ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಪಟ್ಟಿಯನ್ನು ನಕಲು ಮಾಡುವಾಗ ನನಗೆ ಅದು ಕಂಡಿತು. ಹೆಡ್ ಗುಮಾಸ್ತರಿಗೆ ಹೇಳಿದೆ.

"ಸಾರ್, ಎದುರುಗಡೆ ಶಾಲೆ ಎರಡನೇ ಸರ್ಕೀಟಲ್ಲಿದೆ. ದೇವನಹಳ್ಳಿಗೆ ಹೋಗ್ಬಿಡುತ್ತೆ."

"ಎಲ್ಲಿದೆಯೋ ಅಲ್ಲೇ ಬರಿ."

"ಎದ್ದು ನಿಂತ್ರೆ ಕಾಣುತ್ತೆ ಸಾರ್ ಶಾಲೆ."

"ಹಾಗಾದ್ರೆ ಕೂತ್ಕೊಂಡೇ ಬರಿಯಯ್ಯಾ. ಬೀರು ಬೇಕಾಗಿತ್ತಲ್ಲ ಅವನಿಗೆ? ಇದನ್ನೂ ಕಟ್ಕೊಳ್ಳಲಿ."

ಬರೆದೆ. ಎರಡು ಕಚೇರಿಗಳ ಪಟ್ಟಿಯಲ್ಲೂ ಇದ್ದದ್ದು ನನ್ನ ಅಕ್ಷರ. ಆಮೇಲೆ ಮೂವತ್ತು ವರ್ಷ ಪತ್ರಿಕೆಯ ಕೆಲಸ ಮಾಡಿದೆ. ಬೇರೆಯವರು ಬರೆದ ತಪ್ಪುಗಳನ್ನು ಎಷ್ಟೋ ತಿದ್ದಿದೆ. ಇದನ್ನು ತಿದ್ದಲಿಲ್ಲ.

ಆ ಶಾಲೆಯಲ್ಲಿ ಒಬ್ಬರೇ ಉಪಾಧ್ಯಾಯಿನಿ. ನಲವತ್ತರ ಹತ್ತಿರದ ವಿಧವೆ, ಆ ಊರಿನವರೇ. ಸೀರೆ ವ್ಯಾಪಾರ, ಮಂಡಿ ವ್ಯಾಪಾರ ಮಾಡುವ ಮನೆಗಳಿಗೆ ಹೋಗಿ, ಒಳಗಿನ ಹೆಂಗಸರ ಹತ್ತಿರ ಕೂತು ಮಾತಾಡಿ, ಒಬ್ಬೊಬ್ಬಳನ್ನೇ ಕರೆತಂದು ಇಪ್ಪತ್ತಮೂರು ಹುಡುಗಿಯರನ್ನು ಕೂಡಿಸಿದ್ದರು. ಹೊಸ ಕಚೇರಿ ತೆರೆದ ಮೊದಲ ಮಳೆಗಾಲದಲ್ಲಿ ಶಾಲೆಯ ಅಂಗಳದ ಮಣ್ಣಿನ ಗೋಡೆ ಓಣಿಯ ಕಡೆಗೆ ಕುಸಿದುಬಿತ್ತು. ಸಂತೆಗೆ ಹೋಗುವವರಿಗೆಲ್ಲ ಅಂಗಳ, ಜಗಲಿ, ಜಗಲಿಯಲ್ಲಿ ಕೂತ ಮಕ್ಕಳು ಕಾಣತೊಡಗಿದರು. ಮರುದಿನ ಹುಡುಗಿಯರಲ್ಲಿ ಅರ್ಧದಷ್ಟು ಬರಲಿಲ್ಲ.

ಉಪಾಧ್ಯಾಯಿನಿ ನಮ್ಮ ಕಚೇರಿಗೆ ಬಂದರು. ಬುರ್ಖಾದ ಮುಸುಕು ಎತ್ತದೆ ಬಾಗಿಲಲ್ಲೇ ನಿಂತರು.

"ಸ್ವಾಮಿ, ಇಸ್ಕೂಲ್ ಗೋಡೆ ಬಿದ್ದೋಗೈತೆ. ಕಟ್ಟಿಸ್ಬೇಕು."

"ದೇವನಹಳ್ಳಿಗೆ ಹೋಗಿ ಹೇಳಮ್ಮಾ. ನಮ್ಮ ಶಾಲೆ ಅಲ್ಲ ಅದು," ಎಂದರು ಹೆಡ್ ಗುಮಾಸ್ತರು.

"ಬಿದ್ದ ಮಣ್ಣು ನಿಮ್ಮ ಮೆಟ್ಲ ತಾವ ಬಂದೈತೆ, ನೋಡಿ ಸ್ವಾಮಿ."

"ಮಣ್ಣು ಗುಡಿಸೋಕೆ ಜವಾನ ಇದಾನೆ. ನೀನು ದೇವನಹಳ್ಳಿಗೆ ಹೋಗು."

ಅವರು ಹೋದರು. ಅಲ್ಲಿ ಆದದ್ದನ್ನು ನಾನು ನೋಡಿದ್ದಲ್ಲ, ಮುಂದೆ ಅವರೇ ಹೇಳಿದ್ದು. ಹೊಸ ಕಚೇರಿಗೆ ಹೋದ ಆ ಎರಡನೆಯ ಗುಮಾಸ್ತರು ಇವರ ಅರ್ಜಿ ಓದಿ ನಕ್ಕರಂತೆ. "ದೊಡ್ಡಬಳ್ಳಾಪುರದಾಗಿರೋ ಗೋಡೆಗೆ ದೇವನಹಳ್ಳಿಯಿಂದ ಮೇಸ್ತ್ರಿ ಕಳಿಸ್ಲಾ? ಆ ಮನುಷ್ಯ ನನ್ನ ತಲೆ ಮೇಲೆ ಕಲ್ಲು ಹಾಕೋಕೆ ಮಾಡಿರೋ ಕೆಲ್ಸ ಇದು. ನಿಮ್ಮನ್ನ ಮುಂದೆ ತಳ್ಳಿದಾನೆ" ಎಂದರಂತೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಉಪಾಧ್ಯಾಯಿನಿ ವಾಪಸು ಬಂದದ್ದು ಮಾರನೆಯ ದಿನ.

ಆಗ ಹುಡುಗಿಯರ ತಂದೆಯರಲ್ಲಿ ಒಬ್ಬ ಸೀರೆ ವ್ಯಾಪಾರಿ, ಗೋಡೆಯನ್ನು ನಾವೇ ಎಬ್ಬಿಸಿಕೊಳ್ಳುತ್ತೇವೆ ಎಂದು ಆಳುಗಳನ್ನು ಕರೆಸಿದರು. ಕೆಸರು ಕಲಸುವುದು ಕಿಟಕಿಯಿಂದ ಕಂಡದ್ದೇ ಹೆಡ್ ಗುಮಾಸ್ತರು ಓಣಿಗೆ ಇಳಿದರು. ನಾನೂ ಹಿಂದೆಯೇ ಹೋದೆ.

"ಯಾರ್ರೀ ಅದು ಸರ್ಕಾರಿ ಗೋಡೆಗೆ ಕೈ ಹಾಕೋದು?"

"ನಿಮ್ದಲ್ಲ ಅಂದ್ರಂತಲ್ಲ ಸ್ವಾಮಿ," ಎಂದರು ವ್ಯಾಪಾರಿ.

"ನಮ್ದಲ್ಲ. ಸರ್ಕಾರದ್ದು. ಮಂಜೂರಾತಿ ಇಲ್ದೆ ಒಂದು ಹೆಂಟೆ ಇಟ್ರೂ ಪೊಲೀಸರಿಗೆ ಬರೀತೀನಿ."

ವ್ಯಾಪಾರಿ ಉಪಾಧ್ಯಾಯಿನಿಯ ಕಡೆ ತಿರುಗಿ, "ಗೋಡೆ ಎದ್ದ ದಿವ್ಸ ಹೇಳ್ಕಳ್ಸಿ ಆಪಾ. ಅಲ್ಲೀವರ್ಗೂ ನಮ್ಮ ಮಗಳು ಮನೇಲಿರ್ತಾಳೆ. ನಿಮ್ಮ ಸರ್ಕಾರಕ್ಕೆ ನನ್ನ ಸಲಾಮ್" ಎಂದು ಆಳುಗಳನ್ನು ಕರೆದುಕೊಂಡು ಹೊರಟುಹೋದರು.

ಉಪಾಧ್ಯಾಯಿನಿ ಗೋಣಿತಾಟುಗಳನ್ನು ಹೊಲಿದು ಬಿದ್ದ ಜಾಗಕ್ಕೆ ಅಡ್ಡ ಕಟ್ಟಿದರು. ಗಾಳಿಗೆ ಅವು ಏಳುತ್ತಿದ್ದವು. ಎದ್ದಾಗಲೆಲ್ಲ ಓಣಿಯ ಪೋಕರಿಗಳು ಕೂಗು ಹಾಕುತ್ತಿದ್ದರು. ತಿಂಗಳೊಳಗೆ ಒಂಬತ್ತು ಮಂದಿ ಉಳಿದರು. ಅವರಲ್ಲಿ ಇಬ್ಬರು ಉಪಾಧ್ಯಾಯಿನಿಯ ತಮ್ಮನ ಮಕ್ಕಳು.

ಹಾಜರಿ ಕಡಿಮೆಯಾದಾಗ ಪಕ್ಕದ ಮನೆಗಳ ಮಕ್ಕಳನ್ನು ಎರವಲು ತಂದು ಕೂರಿಸುವುದು, ಇಲ್ಲವೇ ಪುಸ್ತಕದಲ್ಲೇ ಹಾಜರಿ ಹಾಕುವುದು ಎಲ್ಲ ಕಡೆಯೂ ನಡೆಯುತ್ತಿತ್ತು. ನಾನೂ ಅವರಿಗೆ ಒಂದು ಸಲ ಹಾಗೆ ಸೂಚಿಸಿದೆ. "ಬರದೇ ಇರೋರ್ನ ಬಂದವ್ರೆ ಅಂತ ಬರೆದ್ರೆ, ಗೋಡೆ ಯಾಕೆ ಬೇಕು ಅಂತ ಕೇಳ್ತಾರೆ" ಎಂದರು. ಬಂದವರನ್ನು ಬಂದರೆಂದು, ಬಾರದವರನ್ನು ಬರಲಿಲ್ಲವೆಂದು ಬರೆದು, ಬೆಂಗಳೂರಿನ ಮೇಲಿನ ಕಚೇರಿಗೆ ಅರ್ಜಿ ಹಾಕಿದರು.

ಮೇಲಿನಿಂದ ಎರಡು ರೇಂಜುಗಳಿಗೂ ಒಂದೇ ಪ್ರಶ್ನೆ ಬಂತು: ಈ ಶಾಲೆ ಯಾರದು? ಪಟ್ಟಿಯ ಪ್ರಕಾರ ದೇವನಹಳ್ಳಿಯದು ಎಂದು ಹೆಡ್ ಗುಮಾಸ್ತರು ಉತ್ತರ ಬರೆಸಿದರು. ಅದರ ನಕಲು ಮಾಡಿದವನೂ ನಾನೇ. ಶಾಲೆ ಇರುವುದು ದೊಡ್ಡಬಳ್ಳಾಪುರದಲ್ಲಿ, ಆದ್ದರಿಂದ ನಮ್ಮದಲ್ಲ ಎಂದು ದೇವನಹಳ್ಳಿಯವರು ಬರೆದರು. ಎರಡು ಉತ್ತರಗಳನ್ನೂ ಮುಂದಿಟ್ಟುಕೊಂಡ ಮೇಲಿನವರು, ಹಾಜರಿ ನಿಗದಿಗಿಂತ ಕಡಿಮೆಯಾಗಿರುವ ಕಾರಣ ಶಾಲೆಯನ್ನು ಮುಚ್ಚತಕ್ಕದ್ದು, ಸಾಮಾನುಗಳನ್ನು ಹತ್ತಿರದ ರೇಂಜ್ ಕಚೇರಿ ವಶಕ್ಕೆ ತೆಗೆದುಕೊಳ್ಳತಕ್ಕದ್ದು ಎಂದು ಆಜ್ಞೆ ಕಳಿಸಿದರು.

ಹತ್ತಿರದ ಕಚೇರಿ ನಮ್ಮದೇ. ಆ ಬೆಳಿಗ್ಗೆ ಹೆಡ್ ಗುಮಾಸ್ತರು ಬಹಳ ಗೆಲುವಾಗಿದ್ದರು. ಯಾಕೆಂದು ಮಕ್ಕಳಿಲ್ಲದ ಶಾಲೆಯೊಳಗೆ ಹೋದ ಮೇಲೆ ತಿಳಿಯಿತು. ಅಲ್ಲಿ ಒಂದು ತೇಗದ ಬೀರು ಇತ್ತು.

ಉಪಾಧ್ಯಾಯಿನಿ ಒಂದೊಂದೇ ಸಾಮಾನು ಹೇಳಿದರು, ನಾನು ಬರೆದುಕೊಂಡೆ. ಕಪ್ಪು ಹಲಗೆ ಒಂದು. ಚಾಪೆಗಳು. ನೀರಿನ ಹಂಡೆ. ಬೀರಿನ ಬೀಗದ ಕೈ ಮಾತ್ರ ಅವರ ಮುಷ್ಟಿಯಲ್ಲಿತ್ತು.

"ರಸೀತಿ ಬರ್ಕೊಡಿ ಸ್ವಾಮಿ. ಆಮೇಲೆ ಬೀಗದ ಕೈ ಕೊಡ್ತೀನಿ."

ಹೆಡ್ ಗುಮಾಸ್ತರು, 'ದೇವನಹಳ್ಳಿ ರೇಂಜಿಗೆ ಸೇರಿದ ಶಾಲೆಯ ಸಾಮಾನು ಪಡೆದುಕೊಂಡಿದೆ' ಎಂದು ಬರೆದುಕೊಟ್ಟರು. ಉಪಾಧ್ಯಾಯಿನಿ ಅದನ್ನು ಮುಸುಕಿನೊಳಗೆ ಹಿಡಿದು ಓದಿದರು.

"ದೇವನಹಳ್ಳೀದಾದ್ರೆ ಬೀರು ದೇವನಹಳ್ಳಿಗೇ ಕೊಡ್ಬೇಕಲ್ವಾ? ನಾಳೆ ಅವ್ರು ಬಂದು ಕೇಳಿದ್ರೆ ನಾನೇನು ಹೇಳ್ಲಿ?"

"ಅವನಿಗೆ ಯಾಕೆ ಕೊಡ್ಬೇಕು? ಎರಡು ತಿಂದಿದಾನೆ, ಸಾಲ್ದಾ? ಇದು ನಮ್ಗೆ."

"ನಿಮ್ಗೆ ಆದ್ರೆ ನಿಮ್ದು ಅಂತ ಬರೀರಿ."

ಹೆಡ್ ಗುಮಾಸ್ತರು ಬೀರಿನ ಕಡೆ ನೋಡಿದರು. ನನ್ನ ಕಡೆಯೂ ನೋಡಿದರು. ನಾನು ಚಾಪೆಗಳನ್ನು ಎಣಿಸುತ್ತಿದ್ದೆ. ಹಳೆಯ ರಸೀತಿ ಹರಿದು, 'ದೊಡ್ಡಬಳ್ಳಾಪುರ ರೇಂಜಿಗೆ ಸೇರಿದ ಉರ್ದು ಹೆಣ್ಣುಮಕ್ಕಳ ಶಾಲೆಯ ಸಾಮಾನು' ಎಂದು ಬರೆದು, ಸಹಿ ಹಾಕಿ, ಜವಾನನನ್ನು ಕಳಿಸಿ ಕಚೇರಿಯ ಮೊಹರು ತರಿಸಿ ಒತ್ತಿಸಿದರು. ಉಪಾಧ್ಯಾಯಿನಿ ಬೀಗದ ಕೈ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ನಾಲ್ವರು ಹಮಾಲಿಗಳು ಬೀರನ್ನು ಓಣಿ ದಾಟಿಸಿದರು.

ಉಪಾಧ್ಯಾಯಿನಿ ಆ ರಸೀತಿಯನ್ನು ಹೊಸ ಅರ್ಜಿಯ ಜೊತೆ ಬೆಂಗಳೂರಿಗೆ ಕಳಿಸಿದ್ದು ನಮಗೆ ತಿಳಿದದ್ದು ಎರಡು ತಿಂಗಳ ಮೇಲೆ, ಮೇಲಿನ ಕಚೇರಿಯ ಪತ್ರ ಬಂದಾಗ. ಶಾಲೆ ನಮ್ಮದಲ್ಲ ಎಂದು ಬರೆದವರು ಅದೇ ಶಾಲೆ ನಮ್ಮದೆಂದು ಮೊಹರು ಹಾಕಿದ್ದು ಹೇಗೆ, ಕೂಡಲೇ ಸಮಜಾಯಿಷಿ ಕೊಡತಕ್ಕದ್ದು ಎಂದು ಅದರಲ್ಲಿತ್ತು. ಹೆಡ್ ಗುಮಾಸ್ತರು ಪತ್ರವನ್ನು ಮೂರು ಸಲ ಓದಿದರು. "ಮುಸುಕು ಹಾಕ್ಕೊಂಡು ಎಷ್ಟು ಕೆಲಸ ಮಾಡಿದಾಳೆ ನೋಡಯ್ಯಾ" ಎಂದರು. ಸಮಜಾಯಿಷಿಯ ಕರಡನ್ನು ನನ್ನ ಕೈಲಿ ಐದು ಸಲ ಬರೆಸಿದರು. ಒಂದೂ ನಿಲ್ಲಲಿಲ್ಲ. ಶಾಲೆ ಮುಚ್ಚುವ ಆಜ್ಞೆ ರದ್ದಾಯಿತು, ಅದು ಮೊದಲನೆಯ ಸರ್ಕೀಟಿಗೆ ಸೇರಿತು, ಗೋಡೆ ಮಂಜೂರಾಯಿತು, ಬೀರು ವಾಪಸು ಹೋಯಿತು.

ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಹದಿನೈದು ಹುಡುಗಿಯರು ಬಂದರು. ಸೀರೆ ವ್ಯಾಪಾರಿಯ ಮಗಳು ಬಂದಿದ್ದಳು. ನಾಲ್ವರಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ಉಳಿದವರನ್ನು ಮನೆಯವರು ಮತ್ತೆ ಕಳಿಸಲಿಲ್ಲ.

ಈಗ ಶಾಲೆ ನಮ್ಮದಾದ್ದರಿಂದ ದಾಖಲಾತಿ ಪುಸ್ತಕ ನೋಡುವ ಅಧಿಕಾರವೂ ನಮ್ಮದಾಗಿತ್ತು. ಹೆಡ್ ಗುಮಾಸ್ತರು ಅದನ್ನು ಬಿಡಲಿಲ್ಲ. ನನ್ನನ್ನು ಕರೆದುಕೊಂಡು ತಾವೇ ಹೋಗಿ, ಹೊಸ ಗೋಡೆಯ ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು, ಪುಸ್ತಕ ತರಿಸಿದರು. ಶಾಲೆ ಬಿಟ್ಟ ಪ್ರತಿ ಮಗುವಿನ ಹೆಸರಿನ ಮುಂದೆ ಕಾರಣ ಬರೆಯುವ ಒಂದು ಅಂಕಣ ಅದರಲ್ಲಿರುತ್ತದೆ. ಆ ನಾಲ್ವರ ಹೆಸರಿನ ಮುಂದೆ 'ಗೋಡೆ ಇಲ್ಲದ್ದರಿಂದ' ಎಂದಿತ್ತು.

"ಇದೇನಮ್ಮಾ ಇದು?" ಎಂದರು ಒಳಗಿನವರಿಗೆ ಕೇಳುವ ಹಾಗೆ.

"ಕಾರಣ," ಎಂದರು ಉಪಾಧ್ಯಾಯಿನಿ ಬಾಗಿಲ ಒಳಗಿನಿಂದ.

"ಮದುವೆ ಆಯ್ತು ಅಂತ ಬರಿ. ಆಗಿದೆ ತಾನೆ?"

"ಆಗೈತೆ."

"ಮತ್ತೆ?"

"ಗೋಡೆ ಮಳೆಗಾಲದಾಗೆ ಬಿತ್ತು. ಮಕ್ಳು ಮನೇಲಿ ಕೂತ್ರು. ಸುಮ್ನೆ ಕೂತವ್ರೆ ಅಂತ ಆಮೇಲೆ ನಿಕಾ ಮಾಡಿದ್ರು. ಯಾವ್ದು ಮೊದ್ಲು ಆಯ್ತೋ ಅದನ್ನ ಬರ್ದಿದೀನಿ."

"ಅಳಿಸು ಅದನ್ನ."

"ಆ ಪುಸ್ತಕದಾಗೆ ಅಳಿಸ್ಬಾರ್ದು ಅಂತ ನಿಮ್ಮ ಆಫೀಸಿಂದ್ಲೇ ಸುತ್ತೋಲೆ ಬಂದೈತೆ ಸ್ವಾಮಿ."

ಅವರು ನನ್ನ ಕಡೆ ತಿರುಗಿದರು. "ಅಂಥದ್ದು ಇದೆಯೇನಯ್ಯಾ?"

ಹುಡುಕಿ ಹೇಳುತ್ತೇನೆ ಎಂದು ಕಚೇರಿಗೆ ಬಂದೆ. ಸುತ್ತೋಲೆ ಇತ್ತು, ತಿದ್ದುವುದು, ಅಳಿಸುವುದು ಎರಡನ್ನೂ ನಿಷೇಧಿಸಿತ್ತು. ಓಣಿ ದಾಟಿ ತಂದು ಅವರ ಕೈಗೆ ಕೊಟ್ಟೆ. ಓದಿ ಮಡಿಸಿ ಜೇಬಿಗೆ ಹಾಕಿಕೊಂಡರು. ಆ ನಾಲ್ಕು ಸಾಲುಗಳು ಬರೆದ ಹಾಗೇ ಉಳಿದವು.